ಅತ್ತೆ ಚಹಾ ಬಿಟ್ಟ ಕಾಲ

ಊಟ ಮುಗಿದು ಕೈ ತೊಳೆಯುವಷ್ಟರಲ್ಲಿ ಅಡುಗೆಮನೆಯಿಂದ ಚಹಾ ಕುದಿಯುವ ವಾಸನೆ ಬರಬೇಕು. ಬರದಿದ್ದರೆ ಉಂಡದ್ದು ಉಂಡಂತೆ ಅನ್ನಿಸುವುದಿಲ್ಲ. ನೀವು ನಮ್ಮ ಬೆಳಗಾವಿ ಕಡೆಯವರಾದರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಸೀಮೆಯವರಾದರೆ ಸುಮ್ಮನೆ ನಂಬಿಬಿಡಿ, ವಾದಕ್ಕೆ ನಿಲ್ಲಬೇಡಿ. ಕಳೆದ ವಾರದಿಂದ ನಮ್ಮ ಮನೆಯಲ್ಲಿ ನನಗೆ ವಾಸನೆ ಮಾತ್ರ ಬರುತ್ತಿದೆ, ಚಹಾ ಬರುತ್ತಿಲ್ಲ. ಮಗ ಬಾಜೂಕ್ಕೆ ಕುಳಿತು, ಕಪ್ಪಿನ ಚಹಾ ಬಸಿಗೆ ಸುರುವಿಕೊಂಡು ಸುರ್ರೆಂದು ಹೀರುತ್ತಾನೆ. ನನ್ನ ತಾಟಿನ ಪಕ್ಕದಲ್ಲಿ ಅರ್ಧ ಹೋಳು ಲಿಂಬೆಹಣ್ಣು ಬಿದ್ದಿರುತ್ತದೆ. ಹೆತ್ತವಳ ಮುಂದೆ ಹೀಗೆ ಕುಡಿಯುವವನಿಗೆ ಏನೆನ್ನಬೇಕು, ನೀವೇ ಹೇಳಿ.

ಇದೆಲ್ಲ ಗೋಕಾಕದ ಡಾಕ್ಟರ್ ಹುಡುಗಿಯ ಕಿತಾಪತಿ. ನಾನು ಹೋದದ್ದು ಮೊಣಕಾಲು ನೋವಿಗೆ. ಆಕೆ ಮೊಣಕಾಲು ಬಿಟ್ಟು ಬೆರಳು ಚುಚ್ಚಿ ನೋಡಿ, ರಕ್ತ ಕಡಿಮೆ ಎಂದಳು. ಏನೇನು ಉಣ್ಣುತ್ತೀರಿ ಎಂದು ಕೇಳಿದಳು. ಎರಡೂ ಹೊತ್ತು ಜೋಳದ ರೊಟ್ಟಿ ಎಂದು ಎದೆಯುಬ್ಬಿಸಿ ಹೇಳಿದೆ. ನಮ್ಮವರಿಗೆ ರೊಟ್ಟಿಯ ವಿಷಯದಲ್ಲಿ ಸ್ವಲ್ಪ ಜಂಬ ಜಾಸ್ತಿ. ಊಟ ಆದ ಮೇಲೆ ಚಹಾ ಉಂಟೋ ಎಂದು ಕೇಳಿದಳು. ಇಲ್ಲದೆ ಇರುತ್ತದೆಯೇ ಎಂದೆ. ಆಗ ಆಕೆ ಪೆನ್ನು ಕೆಳಗಿಟ್ಟು ಹೇಳಿದಳು:

“ಅಜ್ಜಿ, ಜ್ವಾಳದಾಗ ಕಬ್ಬಿಣದ ಅಂಶ ಐತ್ರಿ. ಆದ್ರ ಕಾಳು ಅದನ್ನ ಗಟ್ಟಿ ಹಿಡಕೊಂಡ ಕುಂತಿರತೈತಿ, ಸುಮ್ಮನ ಮೈಗೆ ಹತ್ತೂದಿಲ್ಲ. ಸಂಗಾಟ ಲಿಂಬಿಹುಳಿ ಬಿದ್ರ ಬಿಡತೈತಿ. ಮ್ಯಾಲ ಚಹಾ ಬಿದ್ರ ಮತ್ತಷ್ಟ ಬಿಗಿ ಹಿಡೀತೈತಿ. ಊಟಕ್ಕೂ ಚಹಾಕ್ಕೂ ನಡುವ ಒಂದೆರಡ ತಾಸರೆ ಇರಲಿ. ಈ ಗುಳಿಗಿನೂ ಅಷ್ಟ, ಚಹಾದ ಸಂಗಾಟ ನುಂಗಬ್ಯಾಡ್ರಿ.”

ಕಡೆಯ ಮಾತು ಕೇಳಿದ್ದೇ ನನಗೆ ನಗು ಒತ್ತರಿಸಿ ಬಂತು. ದವಾಖಾನೆಯಲ್ಲಿ ನಗಬಾರದು, ಆದರೂ ನಕ್ಕೆ. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕೆ. ಡಾಕ್ಟರ್ ಹುಡುಗಿ ಪಾಪ, ಮುದುಕಿಗೆ ರಕ್ತ ಕಡಿಮೆಯಾಗಿ ತಲೆಗೇ ಏನೋ ಆಗಿದೆ ಎಂದುಕೊಂಡಿರಬೇಕು. ನನಗೆ ನೆನಪಾದದ್ದು ನಮ್ಮ ಅತ್ತೆ, ಘೋಡಗೇರಿಯ ಗಂಗವ್ವ.

ಆಣೆಕಟ್ಟಿನ ಕೆಲಸಕ್ಕೆಂದು ಹಿಡಕಲ್ಲಿಗೆ ಹೊರಗಿನ ಜನ ಬಂದು ಸೇರಿಕೊಳ್ಳುತ್ತಿದ್ದ ಕಾಲ ಅದು. ನಾನು ಮೂಡಲಗಿಯ ಹುಡುಗಿ, ಘೋಡಗೇರಿಗೆ ಸೊಸೆಯಾಗಿ ಬಂದೆ. ಇವರು ಸಂಕೇಶ್ವರದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ರವಿವಾರಕ್ಕೊಮ್ಮೆ ಮನೆಗೆ ಬಂದರೆ ಉಂಟು. ಉಳಿದ ದಿನ ನಾನು, ಅತ್ತೆ, ಮಾವ. ಅತ್ತೆ ಕಡ್ಡಿಯಂಥ ಹೆಂಗಸು, ಆದರೆ ದನಿ ಮಾತ್ರ ಹೊಳೆಯ ಆಚೆ ದಂಡೆಗೆ ಕೇಳುತ್ತಿತ್ತು. ಹೊಳೆಯಿಂದ ಕೊಡ ಹೊತ್ತು ಏರು ಹತ್ತುವಾಗ ನಡುವೆ ಒಂದು ಬಂಡೆಗಲ್ಲಿನ ಮೇಲೆ ಕುಳಿತುಕೊಳ್ಳುತ್ತಿದ್ದರು. ವಯಸ್ಸಾತು ನೋಡು, ದಮ್ಮು ಹತ್ತುತ್ತದೆ ಎನ್ನುತ್ತಿದ್ದರು. ಅವರಿಗೆ ಆಗ ನಲವತ್ತೈದರ ಆಸುಪಾಸು. ನನಗೋ ಇನ್ನೂ ಇಪ್ಪತ್ತು, ನಲವತ್ತೈದು ಎಂದರೆ ಮುದುಕಿಯೇ ಸೈ ಎಂದು ನಾನೂ ಒಪ್ಪಿಕೊಂಡಿದ್ದೆ.

ಆ ಮನೆಯಲ್ಲಿ ದೇವರ ದೀಪಕ್ಕಿಂತ ಮೊದಲು ಚಹಾದ ಒಲೆ ಹೊತ್ತುತ್ತಿತ್ತು. ಬಂದವರಿಗೆ ಚಹಾ, ಹೋಗುವವರಿಗೆ ಚಹಾ, ಜಗಳವಾಡಲು ಬಂದವರಿಗೂ ಮೊದಲು ಚಹಾ, ಆಮೇಲೆ ಜಗಳ. ಮತ್ತೆ ಊಟದ ಪದ್ಧತಿ ನಿಮಗೆ ಗೊತ್ತೇ ಇದೆ. ಗಂಡಸರು ಮೊದಲು ಉಣ್ಣಬೇಕು, ಬಂದ ಬೀಗರು ಉಣ್ಣಬೇಕು, ಕೆಲಸಕ್ಕೆ ಬಂದ ಆಳುಗಳಿಗೆ ಬುತ್ತಿ ಹೋಗಬೇಕು. ಎಲ್ಲ ಮುಗಿದು ನಾವು ಅತ್ತೆ-ಸೊಸೆ ಕೂರುವ ಹೊತ್ತಿಗೆ ಪಲ್ಯದ ಬೋಗುಣಿಯಲ್ಲಿ ಒಗ್ಗರಣೆಯ ಸಾಸಿವೆ ಉಳಿದಿರುತ್ತಿತ್ತು. ಒಣ ರೊಟ್ಟಿ ಗಂಟಲಲ್ಲಿ ಇಳಿಯಬೇಕಲ್ಲ, ಅದಕ್ಕೆ ಒಲೆಯ ಮೇಲೆ ಕುದ್ದು ಕುದ್ದು ಕರ್ರಗಾದ ಚಹಾ. ರೊಟ್ಟಿ ಮುರಿಯುವುದು, ಚಹಾದಲ್ಲಿ ಅದ್ದುವುದು, ತಿನ್ನುವುದು. ಬಡತನವೆಂದುಕೊಳ್ಳಬೇಡಿ. ಮನೆಯಲ್ಲಿ ಕಾಳು ಇತ್ತು, ಹಿತ್ತಲಲ್ಲಿ ಸೊಪ್ಪಿತ್ತು, ಎಮ್ಮೆ ಹಯನಿತ್ತು. ಉಣ್ಣುವ ಪಾಳಿ ಮಾತ್ರ ನಮ್ಮದು ಕಡೆಗೆ. ಮತ್ತೆ ಸುಳ್ಳೇಕೆ ಹೇಳಲಿ, ಚಹಾ-ರೊಟ್ಟಿ ರುಚಿಯಾಗಿಯೇ ಇರುತ್ತಿತ್ತು.

ನಾನು ಬಸುರಿಯಾದೆ. ತವರಿನಲ್ಲಿ ತಾಯಿ ಇರಲಿಲ್ಲ, ಅಣ್ಣನ ಹೆಂಡತಿಗೆ ತನ್ನ ಸಣ್ಣ ಮಕ್ಕಳನ್ನು ಸುಧಾರಿಸುವುದೇ ಸಾಕಾಗಿತ್ತು. ಹೀಗಾಗಿ ಚೊಚ್ಚಲ ಹೆರಿಗೆ ಇಲ್ಲೇ ಆಗಲಿ, ಬಾಣಂತನ ನಾನೇ ಮಾಡುತ್ತೇನೆ ಎಂದು ಅತ್ತೆ ಸೊಂಟ ಕಟ್ಟಿ ನಿಂತರು. ತಿಂಗಳು ಏರಿದಂತೆ ನಾನು ಸುಣ್ಣದ ಗೋಡೆಯಂತೆ ಬಿಳುಪಾಗುತ್ತ ಹೋದೆ. ನಾಲಿಗೆಯಲ್ಲಿ ರಕ್ತದ ಬಣ್ಣವಿಲ್ಲ, ಬೀಸುಕಲ್ಲಿನ ಮುಂದೆ ಕುಳಿತರೆ ಕಣ್ಣು ಕತ್ತಲೆ. ಅದರ ಮೇಲೊಂದು ನಾಚಿಕೆಗೇಡು. ಹೊಸದಾಗಿ ಸಾರಿಸಿದ ಗೋಡೆಯ ವಾಸನೆ ಬಂದರೆ ಬಾಯಲ್ಲಿ ನೀರೂರುತ್ತಿತ್ತು. ಯಾರೂ ಇಲ್ಲದಾಗ ಹಿತ್ತಲ ಗೋಡೆಯಿಂದ ಎದ್ದ ಮಣ್ಣಿನ ಹೆಕ್ಕಳಿಕೆ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಗೋಡೆಗೆ ಇಲಿ ಬಿದ್ದಿದೆ ಎಂದು ಮಾವ ಬೋನು ತಂದು ಇಟ್ಟರು.

ಅತ್ತೆಗೆ ನನ್ನ ಮೇಲೆ ಜೀವ. ಆ ಜೀವವನ್ನು ಅವರು ತೋರಿಸುತ್ತಿದ್ದದ್ದು ಚಹಾದಲ್ಲಿ. ನಾನು ಬಿಳುಪಾದಷ್ಟೂ ನನ್ನ ಚಹಾ ಕಪ್ಪಾಯಿತು. ಮನೆಯವರಿಗೆಲ್ಲ ಸಾದಾ ಚಹಾ, ನನಗೆ ಮಾತ್ರ ಎರಡು ಸಲ ಪುಡಿ ಹಾಕಿ ಕುದಿಸಿದ್ದು. ತಮ್ಮ ಪಾಲಿನದನ್ನೂ ನನ್ನ ಬಟ್ಟಲಿಗೇ ಬಗ್ಗಿಸಿ, ಕುಡಿ, ಶಕ್ತಿ ಬರುತ್ತದೆ ಎನ್ನುತ್ತಿದ್ದರು. ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನಲು ನನಗೇನು ಹುಚ್ಚೇ? ಮಾವ ಗೋಕಾಕದ ಸಂತೆಗೆ ಹೋದಾಗ ನನಗೆಂದು ಕರದಂಟು ತರುತ್ತಿದ್ದರು. ಬರುವ ದಾರಿಯಲ್ಲಿ ರುಚಿ ನೋಡುತ್ತ ನೋಡುತ್ತ ಅರ್ಧ ಅವರೇ ಮುಗಿಸಿರುತ್ತಿದ್ದರು.

ಹಿಡಕಲ್ಲಿನ ಕಾಲೊನಿಯ ದವಾಖಾನೆಯಿಂದ ಒಬ್ಬ ನರ್ಸಬಾಯಿ ಆಗಾಗ ನಮ್ಮೂರ ಕಡೆ ಬರುತ್ತಿದ್ದರು. ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಮುಖ ಗಂಟಿಕ್ಕಿದರು, ಒಂದು ಪುಡಿಕೆ ಗುಳಿಗೆ ಕೊಟ್ಟರು. ಊಟ ಆದ ಮೇಲೆ ದಿನಕ್ಕೊಂದು ಎಂದರು. ನಮ್ಮ ಮನೆಯಲ್ಲಿ ಊಟ ಆದ ಮೇಲೆ ಎಂದರೆ ಏನು? ಚಹಾ. ಬರೀ ನೀರಲ್ಲಿ ನುಂಗಿದರೆ ಹೊಟ್ಟೆ ಸುಡುತ್ತದೆ ಎಂದು ಅತ್ತೆ ತಾವೇ ಎದುರು ಕುಳಿತು, ಬಿಸಿ ಬಿಸಿ ಕರೀ ಚಹಾದಲ್ಲಿ ಗುಳಿಗೆ ನುಂಗಿಸುತ್ತಿದ್ದರು. ಒಂದು ದಿನವೂ ತಪ್ಪಿಸಲಿಲ್ಲ. ಮೊನ್ನೆ ದವಾಖಾನೆಯಲ್ಲಿ ನನಗೆ ನಗು ಬಂದದ್ದು ಇದಕ್ಕೇ. ಎಷ್ಟು ಶ್ರದ್ಧೆಯಿಂದ ನಾವು ಆ ಗುಳಿಗೆಗಳನ್ನು ಮಣ್ಣುಪಾಲು ಮಾಡಿದೆವು, ನೋಡಿ.

ಮುಂದಿನ ಸಲ ನರ್ಸಬಾಯಿ ಬಂದಾಗ ಮತ್ತೆ ರೆಪ್ಪೆ ಎಳೆದರು. ಈ ಸಲ ನನಗೇನೂ ಹೇಳಲಿಲ್ಲ. ಅತ್ತೆಯನ್ನು ಕಟ್ಟೆಯ ಕಡೆ ಕರೆದೊಯ್ದರು. ದನಿ ಇಳಿಸಿ ಹೇಳಿದರೂ ನನಗೆ ಕೇಳಿಸಿತು.

“ಗಂಗವ್ವಾರ, ಈಕಿ ಮೈಯಾಗ ರಕ್ತಿಲ್ರಿ. ಹಡಿಯೂ ಹೊತ್ತಿನಾಗ ನಾಕ ಹನಿ ಹೆಚ್ಚ ಹೋದ್ರ ಉಳಿಸ್ಕೊಳ್ಳಾಕ ಆಗೂದಿಲ್ಲ.”

ಅತ್ತೆಗೆ ಒಬ್ಬಳೇ ಮಗಳಿದ್ದಳು, ನಾನು ನೋಡಿರದ ನನ್ನ ನಾದಿನಿ. ಚೊಚ್ಚಲ ಹೆರಿಗೆಗೆ ಬಂದವಳು ಇದೇ ಮನೆಯ ಇದೇ ಖೋಲಿಯಲ್ಲಿ, ಕೂಸಿನ ಮುಖ ನೋಡುವ ಮೊದಲೇ ಹೋಗಿಬಿಟ್ಟಿದ್ದಳು. ಆ ಸುದ್ದಿಯನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ನರ್ಸಬಾಯಿಗೆ ಅದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಇದರ ಮುಖ ನಾನು ನೋಡುತ್ತೇನೋ ಇಲ್ಲವೋ ಎಂದು ಕುಳಿತೇ ಇದ್ದೆ.

ಮರುದಿನ ಮುಂಜಾನೆ ಅತ್ತೆ ಹೊಳೆಯಲ್ಲಿ ಮಿಂದು, ಒದ್ದೆ ಸೀರೆಯಲ್ಲೇ ದ್ಯಾಮವ್ವನ ಗುಡಿಗೆ ಹೋದರು. ಹರಕೆ ಎಂದರೆ ನಮ್ಮಲ್ಲಿ ಸೀರೆ ಉಡಿಸುವುದು, ಉಡಿ ತುಂಬುವುದು ರೂಢಿ. ಅತ್ತೆ ಹಾಗೆ ಮಾಡಲಿಲ್ಲ. ತಮಗೆ ಎಲ್ಲಕ್ಕಿಂತ ಬಿಡಲಾರದ್ದು ಯಾವುದೋ ಅದನ್ನೇ ತಾಯಿಗೆ ಕೊಡಬೇಕು ಎಂದುಕೊಂಡರಂತೆ. ಮನೆಗೆ ಬಂದು ಚಹಾದ ಪಾತೇಲಿಯನ್ನು ತಿಕ್ಕಿ ತೊಳೆದು, ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟರು. ಮಾವ ಹಲ್ಲುಜ್ಜಿಕೊಂಡು ಬಂದು ಒಲೆಯ ಕಡೆ ನೋಡುತ್ತ ನಿಂತಿದ್ದರು.

“ಸೊಸಿ ಹಡದ ಎದ್ದ ನಿಲ್ಲೂ ಮಟ ಈ ಮನ್ಯಾಗ ಚಹಾ ಇಲ್ಲ. ದ್ಯಾಮವ್ವಗ ಮಾತ ಕೊಟ್ಟ ಬಂದೇನಿ,” ಎಂದರು ಅತ್ತೆ.

ತಮ್ಮ ಚಹಾ ಬಿಡುತ್ತೇನೆಂದು ಬೇಡಿಕೊಂಡಿದ್ದರೆ ಸಾಕಿತ್ತು. ಆದರೆ ಅತ್ತೆ ಏನೇ ಮಾಡಿದರೂ ಸಗಟು ವ್ಯವಹಾರ. ಮನೆ ಮಂದಿಯ ಚಹಾವನ್ನೆಲ್ಲ ಒಟ್ಟಿಗೇ ಕೊಟ್ಟುಬಿಟ್ಟಿದ್ದರು. ಮಾವ ಒಂದು ಗಳಿಗೆ ಬಾಯಿ ತೆರೆದರು, ದೇವಿಯ ಹೆಸರು ಬಂದದ್ದರಿಂದ ಮುಚ್ಚಿದರು.

ಆಮೇಲಿನ ಕೆಲವು ದಿನ ನಮ್ಮ ಮನೆಯಲ್ಲಿ ಮೂರು ತಲೆಗಳಿಗೂ ನೋವು. ಅತ್ತೆ ಹಣೆಗೆ ಬಟ್ಟೆ ಬಿಗಿದುಕೊಂಡು ರೊಟ್ಟಿ ಬಡಿಯುತ್ತಿದ್ದರು. ಆ ಸಿಟ್ಟಿಗೆ ರೊಟ್ಟಿ ಎಂದೂ ಇಲ್ಲದಷ್ಟು ತೆಳ್ಳಗಾಗುತ್ತಿತ್ತು. ಮಾವ ಬೇಗನೆ ದಾರಿ ಕಂಡುಕೊಂಡರು. ಹೊಲಕ್ಕೆಂದು ಹೊರಟು ಬಸ್ ನಿಲ್ಲುವಲ್ಲಿನ ಹೊಟೇಲಿಗೆ ಹೋಗಿ, ಮೀಸೆ ಒರೆಸಿಕೊಳ್ಳುತ್ತ ಬರುತ್ತಿದ್ದರು. ಅತ್ತೆ ಮೂಗರಳಿಸಿ ನೋಡಿ, ಹರಕೆ ಮನೆಯೊಳಗಿನದು, ಊರಿನದಲ್ಲ ಎಂದು ತಾವೇ ಸಮಾಧಾನ ಮಾಡಿಕೊಂಡರು.

ದೊಡ್ಡ ಪೇಚು ಬಂದದ್ದು ಹುಸೇನಬಿಯಿಂದ. ಬಾಜೂಮನೆಯ ಹುಸೇನಬಿ ಅತ್ತೆಯ ಗೆಳತಿ. ಮಧ್ಯಾಹ್ನ ನಾವು ಉಣ್ಣುವ ಹೊತ್ತಿಗೆ ಸರಿಯಾಗಿ ಬಂದು ಚಹಾ ಕುಡಿದು ಊರ ಸುದ್ದಿ ಹೇಳಿ ಹೋಗುವುದು ಎಷ್ಟೋ ವರ್ಷದ ರೂಢಿ. ಮನೆಗೆ ಬಂದವಳನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಅತ್ತೆಗೆ ಚಹಾ ಬಿಟ್ಟದ್ದಕ್ಕಿಂತ ಇದು ಹೆಚ್ಚು ಕುತ್ತಿಗೆಗೆ ಬಂತು. ಹುಸೇನಬಿ ಸಂಗತಿ ಕೇಳಿ, ಎದ್ದುಹೋಗಿ, ತಮ್ಮ ಹಿತ್ತಲ ಗಿಡದ ಲಿಂಬೆಹಣ್ಣು ಸೆರಗಿನ ತುಂಬ ತಂದು ಸುರಿದರು. ಬೆಲ್ಲ ಮನೆಯಲ್ಲಿತ್ತು. ಅವತ್ತಿನಿಂದ ಚಹಾದ ಬಟ್ಟಲಲ್ಲಿ ಲಿಂಬೆ-ಬೆಲ್ಲದ ಪಾನಕ ಶುರುವಾಯಿತು. ಹುಸೇನಬಿಯೂ ಅದನ್ನೇ ಕುಡಿದರು, ಮುಖ ಕಿವುಚಿಕೊಂಡು.

ಆದರೆ ರೊಟ್ಟಿ ಪಾನಕದಲ್ಲಿ ಅದ್ದಲು ಬರುವುದಿಲ್ಲ. ಒಣ ರೊಟ್ಟಿ ಬಸುರಿಯ ಗಂಟಲಲ್ಲಿ ಹೇಗೆ ಇಳಿಯಬೇಕು ಎಂದು ಅತ್ತೆ ತಲೆ ಕೆಡಿಸಿಕೊಂಡರು. ಕಡೆಗೆ ಆ ಮನೆಯಲ್ಲಿ ಎಂದೂ ಆಗದಿದ್ದದ್ದೊಂದು ಆಯಿತು. ಗಂಡಸರಿಗೆ ಬಡಿಸುವ ಮೊದಲೇ ಅತ್ತೆ ಒಂದು ಬಟ್ಟಲು ಪಲ್ಯ ತೆಗೆದು ಮುಚ್ಚಿಟ್ಟರು. ಮೊಳಕೆ ಬರಿಸಿದ ಮಡಿಕೆಕಾಳು, ಹುಳಿ ಹುಳಿ ಪುಂಡಿಪಲ್ಯ, ರಾಜಗಿರಿ ಸೊಪ್ಪು, ಕೆಲವೊಮ್ಮೆ ಹಸಿ ಮೆಂತೆಯ ಮೇಲೆ ಲಿಂಬೆ ಹಿಂಡಿದ್ದು. ಮಾವ ಒಮ್ಮೆ ಪಲ್ಯ ಎಲ್ಲಿ ಎಂದು ಕೇಳಿದರು.

“ಬಸರಿ ಹೆಂಗಸಿಂದ ತಗದ ಇಟ್ಟೇನಿ. ನಿಮಗ ಗುರೆಳ್ಳ ಹಿಂಡಿ ಐತಿ, ಉಣ್ರಿ.”

ಮಾವ ಉಂಡರು. ಚಹಾ ಇಲ್ಲದ್ದರಿಂದ ಅತ್ತೆಗೂ ಹಸಿವೆ ತಡೆಯುತ್ತಿರಲಿಲ್ಲ. ಮೊದಲು ದಿನಕ್ಕೆ ಎಷ್ಟೋ ಸಲ ಬಿಸಿ ನೀರಿನಂತೆ ಅದನ್ನು ಹೊಟ್ಟೆಗೆ ಇಳಿಸಿ ಹಸಿವೆ ಸತ್ತಿರುತ್ತಿತ್ತು. ಈಗ ಮಾವ ಎದ್ದ ಕೂಡಲೇ ಇಬ್ಬರೂ ತಾಟು ಹಾಕಿಕೊಂಡು ಎದುರು ಬದುರು ಕೂರುತ್ತಿದ್ದೆವು. ನನ್ನ ತಾಟಿಗೆ ಪಲ್ಯ ಹಾಕುತ್ತಿದ್ದರು. ನೀವು ಹಾಕಿಕೊಳ್ಳದಿದ್ದರೆ ನಾನೂ ಒಲ್ಲೆ ಎಂದು ನಾನು ಹಟ ಹಿಡಿಯುತ್ತಿದ್ದೆ. ಅವರು ಗೊಣಗುತ್ತ ತಮಗೂ ಹಾಕಿಕೊಳ್ಳುತ್ತಿದ್ದರು. ಗುಳಿಗೆಯನ್ನು ಪಾನಕದಲ್ಲೇ ನುಂಗಿಸಿದರು, ಬೇರೇನಿತ್ತು?

ತಿಂಗಳುಗಳು ಕಳೆದವು. ಗೋಡೆಯ ಮಣ್ಣಿನ ವಾಸನೆ ಬಂದರೂ ಒಂದು ದಿನ ನನಗೆ ಏನೂ ಅನ್ನಿಸಲಿಲ್ಲ. ಬೋನಿಗೆ ಹೆದರಿ ಇಲಿ ಓಡಿತು ಎಂದು ಮಾವ ಹೆಮ್ಮೆಪಟ್ಟರು. ನರ್ಸಬಾಯಿ ಬಂದು ರೆಪ್ಪೆ ಎಳೆದು ನೋಡಿ ನಕ್ಕರು. ಕಡೆಗೂ ನನ್ನ ಗುಳಿಗೆ ಕೆಲಸ ಮಾಡಿತು ಎಂದರು. ಅತ್ತೆ, ಅದು ದ್ಯಾಮವ್ವ ಮಾಡಿದ್ದು ಎಂದರು. ಮಾವ ಕಟ್ಟೆಯ ಮೇಲಿಂದಲೇ, ಕರದಂಟು ತಿಂದರೆ ಯಾರಿಗಾದರೂ ರಕ್ತ ಬರುತ್ತದೆ ಎಂದರು. ಚಹಾದ ಹೆಸರು ಒಬ್ಬರೂ ಎತ್ತಲಿಲ್ಲ. ಲಿಂಬೆಹಣ್ಣು ಕೊಟ್ಟ ಹುಸೇನಬಿಯ ಹೆಸರೂ ಬರಲಿಲ್ಲ. ಅದರ ಮರ್ಮ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ನರ್ಸಬಾಯಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಹೆರಿಗೆ ಸುಲಭವಾಗಲಿಲ್ಲ. ನರ್ಸಬಾಯಿ ಜೊತೆಗಿದ್ದರು. ರಕ್ತ ಹೋಯಿತು, ನಾಕು ಹನಿಗಿಂತ ಹೆಚ್ಚೇ ಹೋಯಿತು. ಅತ್ತೆ ಆ ಖೋಲಿಯ ಹೊಸ್ತಿಲ ಹೊರಗೆ ಕುಳಿತವರು ಒಳಗೆ ಬರಲಿಲ್ಲ. ಮಗಳ ಹೊತ್ತಿನಲ್ಲಿ ಒಳಗೇ ಇದ್ದರಂತೆ. ಬೆಳಗಾಗುವ ಹೊತ್ತಿಗೆ ಕೂಸು ಅತ್ತಿತು. ನರ್ಸಬಾಯಿ ಹೊರಗೆ ಇಣುಕಿ, ಸೊಸೆ ನೀರು ಕೇಳುತ್ತಿದ್ದಾಳೆ, ಗಟ್ಟಿಯಾಗಿದ್ದಾಳೆ ಎಂದರು. ಅತ್ತೆ ಅಲ್ಲೇ ಕುಳಿತಲ್ಲೇ ದೊಡ್ಡ ದನಿ ತೆಗೆದು ಅತ್ತರು. ಹುಸೇನಬಿ ಓಡಿ ಬಂದರು, ಏನೋ ಅನಾಹುತವಾಯಿತೆಂದು. ಕೂಸನ್ನು ಎದೆಗೆ ಹಚ್ಚಿಕೊಂಡು ನಾನು ಅದರ ಮುಖ ನೋಡಿದೆ. ಮನಸ್ಸು ತುಂಬುವವರೆಗೆ ನೋಡಿದೆ. ಈಗ ನನ್ನೆದುರು ಸುರ್ರೆಂದು ಚಹಾ ಹೀರುವವನು ಅವನೇ.

ಮರುದಿನ ಬಾಣಂತಿಯ ಅರಿವೆ ಒಗೆಯಲು ಅತ್ತೆ ಹೊಳೆಗೆ ಹೋದರು. ಒದ್ದೆ ಅರಿವೆಯ ಬುಟ್ಟಿ ತಲೆಯ ಮೇಲೆ, ತುಂಬಿದ ಕೊಡ ಸೊಂಟದ ಮೇಲೆ. ಬಂದವರೇ ಖೋಲಿಯ ಬಾಗಿಲಲ್ಲಿ ನಿಂತು ನನ್ನನ್ನು ವಿಚಿತ್ರವಾಗಿ ನೋಡಿದರು.

“ಏರ ಹತ್ತಿ ಬಂದ್ನಿ. ನಡುವ ಕುಂತೇ ಇಲ್ಲ. ದಮ್ಮೂ ಹತ್ತಲಿಲ್ಲ.” ಕೊಡ ಇಳಿಸಿ ಅಂದರು: “ನನಗ ವಯಸ್ಸಾಗೈತಿ ಅಂತ ತಿಳಕೊಂಡಿದ್ನೆವ್ವಾ ಇಷ್ಟ ದಿನ.”

ಆಗ ಅದು ನಮಗೆ ನಗುವ ಮಾತಾಗಿತ್ತು. ಇಬ್ಬರೂ ನಕ್ಕೆವು.

ನಾನು ಎದ್ದು ನಿಂತೆ. ದ್ಯಾಮವ್ವನಿಗೆ ಉಡಿ ತುಂಬಿ ಬಂದೆವು. ಪಾತೇಲಿ ಅಟ್ಟದಿಂದ ಇಳಿಯಿತು. ಅವತ್ತು ನಮ್ಮ ಮನೆಯಲ್ಲಿ ಚಹಾದ ಹಬ್ಬ. ಮಾವ ಮನೆಯಲ್ಲೇ ಕುಡಿದು ಮೀಸೆ ಒರೆಸಿಕೊಂಡರು. ಬಸುರಿ ಇಲ್ಲದ ಮನೆಯಲ್ಲಿ ಪಲ್ಯ ತೆಗೆದಿಡುವವರು ಯಾರು? ಬಾಣಂತನ ಮುಗಿಯುತ್ತಲೇ ಪಾಳಿ ಹಳೆಯ ಪಾಳಿಯಾಯಿತು, ರೊಟ್ಟಿ ಮತ್ತೆ ಚಹಾದಲ್ಲಿ ಮುಳುಗಿತು. ಮಗ ಅಂಬೆಗಾಲಿಡುವಷ್ಟರಲ್ಲಿ ಅತ್ತೆ ಮತ್ತೆ ಏರಿನ ನಡುವೆ ಕುಳಿತುಕೊಳ್ಳತೊಡಗಿದರು. ಈಗ ಖರೆ ಖರೆ ವಯಸ್ಸಾಯಿತು ಎಂದು ನಗುತ್ತಿದ್ದರು. ಐವತ್ತು ತುಂಬಿರಲಿಲ್ಲ. ಆಮೇಲೆ ಬಹಳ ವರ್ಷ ಬದುಕಿದರು, ಬದುಕಿದಷ್ಟೂ ದಿನ ಕುಳಿತು ಕುಳಿತೇ ಏರು ಹತ್ತಿದರು. ನನ್ನ ಜೀವಕ್ಕೆ ಹರಕೆ ಹೊತ್ತ ಆ ಹೆಂಗಸಿನ ಮೈಯಲ್ಲಿ ರಕ್ತವಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಅವರ ಕಣ್ಣಿನ ರೆಪ್ಪೆಯನ್ನು ಯಾರೂ ಎಳೆದು ನೋಡಲಿಲ್ಲ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತಿದೆ.

ನಿನ್ನೆ ರವಿವಾರ ಮಧ್ಯಾಹ್ನ ಇದೇ ಗುಂಗಿನಲ್ಲಿ ಲೋಟ ಇಡಲು ಅಡುಗೆಮನೆಗೆ ಹೋದೆ. ನನ್ನ ಸೊಸೆ ಸುಜಾತಾ ಸಾಲಿ ಟೀಚರು. ಡಾಕ್ಟರ್ ಹೇಳಿದ್ದನ್ನು ಚಾಚೂ ತಪ್ಪದೆ ನಡೆಸುತ್ತಾಳೆ. ನನ್ನ ತಾಟಿಗೆ ಸೊಪ್ಪು, ಮೊಳಕೆಕಾಳು, ಲಿಂಬೆ, ಹೊತ್ತು ಹೊತ್ತಿಗೆ ಗುಳಿಗೆ. ಒಳಗೆ ಆಕೆ ಕಟ್ಟೆಗೆ ಒರಗಿ ನಿಂತುಕೊಂಡೇ ಉಣ್ಣುತ್ತಿದ್ದಳು. ಪಲ್ಯದ ಪಾತ್ರೆ ಖಾಲಿ. ಒಂದು ಕೈಯಲ್ಲಿ ತಣ್ಣಗಾದ ರೊಟ್ಟಿ, ಇನ್ನೊಂದು ಕೈಯಲ್ಲಿ ಚಹಾ. ಯಾಕೆ ನಿಂತಿದ್ದೀ, ಕುಳಿತು ಉಣ್ಣಬಾರದೇ ಎಂದು ಕೇಳಿದೆ. ಇನ್ನೇನು ಟ್ಯೂಷನ್ ಮಕ್ಕಳು ಬರುತ್ತಾರೆ ಎಂದಳು. ಆಮೇಲೆ ಹಣೆ ಒರೆಸಿಕೊಂಡು ನಕ್ಕಳು.

“ಈಗೀಗ ಮ್ಯಾಲಿನ ಕ್ಲಾಸಿಗೆ ಮೆಟ್ಲ ಹತ್ತಿದ್ರ ದಮ್ಮ ಬರತೈತ್ರಿ ಅತ್ತಿ. ವಯಸ್ಸಾತಲ್ರಿ.”

ನಾನು ಆಕೆಯ ಕೈಯಿಂದ ಚಹಾದ ಕಪ್ಪು ಇಸಿದುಕೊಂಡು ಕಟ್ಟೆಯ ಮೇಲಿಟ್ಟೆ. ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಬೆಳ್ಳಗಿತ್ತು.

“ನಾಳೆ ರಜಾ ಹಾಕು,” ಎಂದೆ. “ನಿನಗ ವಯಸ್ಸಾಗೈತೋ ಇಲ್ಲೋ, ಡಾಕ್ಟರ್ ಹೇಳ್ಲಿ.”